ಕುಳ್ಳ ನಳಿಗೆಯ ರಿವಾಲ್ವರಿಗೆ ಯಾವ ತೋಟೆ?

ಎರಡು ವರ್ಷದ ಹಿಂದೆ ಕೊಡಗಿನ ಆಯುಧಗಳ ಹಬ್ಬವಾದ ಕೈಲ್ ಪೊಳ್ದಿನ ಬೆಳಿಗ್ಗೆ ಕನ್ನಿ ಕೋಂಬರೆಯಲ್ಲಿ (ದೇವರ ಕೋಣೆಯಲ್ಲಿ) ಕೋವಿಗಳನ್ನು ಸಾಲಾಗಿ ಇಟ್ಟು ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸುತ್ತಿದ್ದೆವು. ಅಜ್ಜನ ಕಾಲದ ಜೋಡಿ ನಳಿಗೆಯ ಕೋವಿಯ ಪಕ್ಕಕ್ಕೆ ಒಂದು ಕುಳ್ಳ ರಿವಾಲ್ವರ್ ಬಂದು ಕುಳಿತಿತು. ಮಾವ ಹೊಸದಾಗಿ ಪರವಾನಗಿ ಪಡೆದು ತಂದದ್ದು. ಊಟವಾದ ಮೇಲೆ ಅವರು ಮೂರು ತೋಟೆಗಳನ್ನು ಮೇಜಿನ ಮೇಲೆ ನಿಲ್ಲಿಸಿ, "ಇವುಗಳಲ್ಲಿ ಗಟ್ಟಿ ಯಾವುದು ಹೇಳು" ಎಂದರು. ಒಂದು ಅಂಗಡಿಯಿಂದ ತಂದ .32 ಲಾಂಗ್ (ಈ ಸಂಖ್ಯೆ ಗುಂಡಿನ ಅಗಲದ ಅಂದಾಜು, ಇಂಚಿನಲ್ಲಿ). ಇನ್ನೊಂದು ಯಾರೋ ಸ್ನೇಹಿತರು ಕೊಟ್ಟ 7.65 (ಮಿಲಿಮೀಟರ್) ಪಿಸ್ತೂಲಿನ ತೋಟೆ. ಮೂರನೆಯದು ಹಳೆಯ .32, ಹಿತ್ತಾಳೆಯ ಮೇಲೆಲ್ಲ ಹಸಿರು ಕಿಲುಬು.

"ಮಾವ, ಗಟ್ಟಿ ಯಾವುದು ಎಂದು ಆಮೇಲೆ ನೋಡೋಣ. ಈ ಮೂರರಲ್ಲಿ ಎರಡನ್ನು ನೀವು ಹಾರಿಸಲೇಬಾರದು" ಎಂದೆ. ಅವರಿಗೆ ಅಷ್ಟು ರುಚಿಸಲಿಲ್ಲ. ಐವತ್ತು ವರ್ಷ ಕೋವಿ ಹಿಡಿದವರು. ಆದರೆ ತೋಟದ ಕೋವಿಯ ಅನುಭವ ಗೇಣುದ್ದದ ರಿವಾಲ್ವರಿಗೆ ಅರ್ಧ ಮಾತ್ರ ನೆರವಾಗುತ್ತದೆ, ಉಳಿದರ್ಧ ದಾರಿ ತಪ್ಪಿಸುತ್ತದೆ. ಅವತ್ತು ಅವರಿಗೆ ಹೇಳಿದ್ದನ್ನೂ ಆಮೇಲೆ ಇಬ್ಬರೂ ಸೇರಿ ಕಲಿತದ್ದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ಕಾಗದ

ಕೊಡಗಿನವರಿಗೆ ಇಲ್ಲೇ ಒಂದು ಎಡವಟ್ಟು ಕಾದಿದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ) ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅದರ ಬಲದ ಮೇಲೆ "ನಮಗೆ ಯಾವುದಕ್ಕೂ ಪರವಾನಗಿ ಬೇಡ" ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಜಿಲ್ಲೆಯ ಹೊರಗೆ ವಿನಾಯಿತಿಯಡಿ ಒಯ್ಯಬಹುದಾದದ್ದು ಒಂದು ರೈಫಲ್ ಮತ್ತು ಅದರ 100 ತೋಟೆ, ಜೊತೆಗೆ ಒಂದು ಸಾದಾ ನಳಿಗೆಯ ಕೋವಿ ಮತ್ತು ಅದರ 500 ತೋಟೆ. ಈ ಲೆಕ್ಕದಲ್ಲಿ ಜೇಬಿನ ರಿವಾಲ್ವರಿಗೆ ಜಾಗವಿಲ್ಲ. ಕುಶಾಲನಗರದ ಸೇತುವೆ ದಾಟಿದ ಮೇಲೆ ಪೊಲೀಸರ ಎದುರು ಕಾನೂನು ವಿವರಿಸುವ ಪಾಡು ಬೇಡವೆಂದಿದ್ದರೆ, ರಿವಾಲ್ವರಿಗೆ ಪರವಾನಗಿ ಬೇಕೆಂದೇ ಎಣಿಸಿ ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತಿ. 2019ರ ತಿದ್ದುಪಡಿಯ ನಂತರ ಪರವಾನಗಿದಾರನೊಬ್ಬನಿಗೆ ಎರಡೇ ಬಂದೂಕು, ಪರವಾನಗಿಯ ಅವಧಿ ಐದು ವರ್ಷ. ಎಷ್ಟು ತೋಟೆ ಕೊಳ್ಳಬಹುದು ಎಂಬುದು ಪರವಾನಗಿಯಲ್ಲೇ ಬರೆದಿರುತ್ತದೆ. ಆ ಸಂಖ್ಯೆಯನ್ನು ಈಗಲೇ ನೋಡಿಟ್ಟುಕೊಳ್ಳಿ, ಕೊನೆಗೆ ತೋಟೆ ಆರಿಸುವಾಗ ಅದು ಬೇಕಾಗುತ್ತದೆ.

ಆಯ್ಕೆ ಎಂದರೆ ಎಷ್ಟು ಆಯ್ಕೆ?

ವಿದೇಶಿ ಪತ್ರಿಕೆಗಳನ್ನು ಓದಿದವರು ಕುಳ್ಳ ರಿವಾಲ್ವರ್ ಎಂದೊಡನೆ .38 ಸ್ಪೆಷಲ್ ಹೆಸರು ಹೇಳುತ್ತಾರೆ. 1898ರಲ್ಲಿ ಹುಟ್ಟಿದ ಆ ತೋಟೆ ಅಮೆರಿಕದಲ್ಲಿ ಇಂತಹ ರಿವಾಲ್ವರುಗಳ ಅಳತೆಗೋಲು. ನಮ್ಮಲ್ಲಿ .38 ನಿಷೇಧಿತ ಬೋರ್ (ಬೋರ್ ಎಂದರೆ ನಳಿಗೆಯ ಒಳ ಅಳತೆ), 9 ಎಂಎಂ ಕೂಡ ಹಾಗೆಯೇ. ಸಾಮಾನ್ಯ ನಾಗರಿಕನಿಗೆ ಸಿಗುವುದಿಲ್ಲ. ಹೋಲಿಕೆಗೆ ಮಾತ್ರ ಅದನ್ನು ಇಟ್ಟುಕೊಳ್ಳೋಣ.

ಉಳಿಯುವುದು ಮೂರು. ಮೊದಲನೆಯದು .22, ರೈಫಲ್ ಅಭ್ಯಾಸದ ಪುಟ್ಟ ತೋಟೆ. ಎರಡನೆಯದು .32 ಸ್ಮಿತ್ ಅಂಡ್ ವೆಸನ್ ಲಾಂಗ್. ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ ಬರುವ ರಿವಾಲ್ವರುಗಳೆಲ್ಲ ಈ ಬಗೆಯವು: 2014ರಲ್ಲಿ ಬಂದ ಸುಮಾರು ಅರ್ಧ ಕಿಲೋ ತೂಕದ ನಿರ್ಭೀಕ್, 2023ರಲ್ಲಿ ಬಂದ 76 ಮಿಲಿಮೀಟರ್ ನಳಿಗೆಯ 700 ಗ್ರಾಂ ತೂಕದ ಪ್ರಬಲ್. ಮೂರನೆಯದು .357 ಮ್ಯಾಗ್ನಮ್. ಇದು ನಿಷೇಧಿತ ಬೋರ್ ಅಲ್ಲ. ಆದರೆ 1980ರ ದಶಕದಲ್ಲಿ ಸಾಮಾನ್ಯರು ಬಂದೂಕು ಆಮದು ಮಾಡುವುದು ನಿಂತ ಮೇಲೆ ಉಳಿದಿರುವುದು ಹೆಚ್ಚಾಗಿ ಕೈಯಿಂದ ಕೈಗೆ ಹೋಗುವ ಹಳೆಯ ರಿವಾಲ್ವರುಗಳು. ಬೆಲೆ ಕೇಳಿದರೆ ಒಂದು ಎಕರೆ ತೋಟದ ನೆನಪಾಗುತ್ತದೆ.

ನಳಿಗೆಯ ಮೇಲಿನ ಅಚ್ಚು ಓದಿ

ತೋಟೆಯ ಹೆಸರಿನಲ್ಲಿ .32 ಇದ್ದ ಮಾತ್ರಕ್ಕೆ ಅವೆಲ್ಲ ಒಂದೇ ಅಲ್ಲ. ಒಂದೇ ಐನ್‌ಮನೆಯಲ್ಲಿ (ಕುಲದ ಮೂಲಮನೆಯಲ್ಲಿ) ಹುಟ್ಟಿದವರೆಲ್ಲ ಒಂದೇ ಸ್ವಭಾವದವರೇ? .32 ಲಾಂಗ್ 1896ರದ್ದು. ಅದರ ಹಿತ್ತಾಳೆ ಕೋಶದ ಉದ್ದ 23.4 ಮಿಲಿಮೀಟರ್, ತಡೆಯಬೇಕಾದ ಒತ್ತಡದ ಮಿತಿ ಚದರ ಇಂಚಿಗೆ 15,000 ಪೌಂಡ್. ಇದೇ ವಂಶದ .32 ಎಚ್ ಅಂಡ್ ಆರ್ ಮ್ಯಾಗ್ನಮ್ 1984ರಲ್ಲಿ ಬಂತು; ಕೋಶ ಇನ್ನಷ್ಟು ಉದ್ದ, ಒತ್ತಡವೂ ಹೆಚ್ಚು. ಅದರ ಮೊಮ್ಮಗ .327 ಫೆಡರಲ್ ಮ್ಯಾಗ್ನಮ್‌ಗೆ 45,000. ಉದ್ದ ಕೋಶಕ್ಕೆಂದು ಮಾಡಿದ ರಿವಾಲ್ವರಿನಲ್ಲಿ ಗಿಡ್ಡ ತೋಟೆ ಹಾರಿಸಬಹುದು, ಗಿಡ್ಡದರಲ್ಲಿ ಉದ್ದದ್ದನ್ನು ಹಾರಿಸಬಾರದು.

ಮಾವನ ಎರಡನೆಯ ತೋಟೆಯ ಅಪಾಯ ಇದಕ್ಕಿಂತ ಹೆಚ್ಚು. 7.65 ಎಂದರೂ .32 ಎಸಿಪಿ ಎಂದರೂ ಒಂದೇ. ಅದು ಪಿಸ್ತೂಲಿಗೆಂದು ಹುಟ್ಟಿದ್ದು. ಆದರೂ ಅದರ ಹಿಂಭಾಗದಲ್ಲಿ ಚಿಕ್ಕದೊಂದು ಅಂಚು ಇರುವುದರಿಂದ .32 ಲಾಂಗ್ ರಿವಾಲ್ವರಿನಲ್ಲಿ ತೋಟೆ ಕೂರುವ ಗೂಡಿನಲ್ಲಿ ಬಹುಮಟ್ಟಿಗೆ ಸಲೀಸಾಗಿ ಕೂರುತ್ತದೆ. ಕೂತಿತು ಎಂದರೆ ಸರಿಹೊಂದಿತು ಎಂದಲ್ಲ. ಅದರ ಒತ್ತಡದ ಮಿತಿ 20,500 ಪೌಂಡ್, ನಿಮ್ಮ ರಿವಾಲ್ವರ್ ತಡೆಯಲೆಂದು ಕಟ್ಟಿರುವುದು 15,000. ನಡುವೆ ಮಡಚಿ ತೆರೆಯುವ ಹಳೆಯ ಮಾದರಿಯಾದರೆ ಕೀಲು ಸಡಿಲಾಗಬಹುದು, ಕೆಟ್ಟ ದಿನವಾದರೆ ತೋಟೆಗಳ ಗೂಡಿರುವ ತಿರುಗುವ ಸಿಲಿಂಡರೇ ಸೀಳಬಹುದು. ಸ್ನೇಹಿತರು ಪ್ರೀತಿಯಿಂದ ಕೊಟ್ಟರೂ ಬೇಡ. ಪರವಾನಗಿಯಲ್ಲಿ ಇಲ್ಲದ ಬೋರಿನ ತೋಟೆ ಮನೆಯಲ್ಲಿ ಇರುವುದೇ ಒಂದು ಅಪರಾಧ, ಅದು ಬೇರೆ.

ಪೆಟ್ಟಿಗೆಯ ಮೇಲಿನ ವೇಗ ನಿಮ್ಮ ವೇಗವಲ್ಲ

ಈಗ ಹೋಲಿಕೆಗೆ ಬರೋಣ. ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ, 15.4 ಗ್ರೇನ್ ಒಂದು ಗ್ರಾಂ. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗ ಸಾಮಾನ್ಯವಾಗಿ ನಾಲ್ಕು ಇಂಚು ಅಥವಾ ಅದಕ್ಕೂ ಉದ್ದದ ಪರೀಕ್ಷಾ ನಳಿಗೆಯಲ್ಲಿ ಅಳೆದದ್ದು. ನಳಿಗೆ ಗಿಡ್ಡವಾದಷ್ಟು ಮದ್ದು ಉರಿದು ಗುಂಡನ್ನು ತಳ್ಳುವ ದೂರ ಕಡಿಮೆಯಾಗುತ್ತದೆ. ಸಾಲದೆಂಬಂತೆ ರಿವಾಲ್ವರಿನಲ್ಲಿ ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ, ಅಲ್ಲಿಂದಲೂ ಬಿಸಿಗಾಳಿ ಪೋಲಾಗುತ್ತದೆ. (ಹಿಡಿಯುವಾಗ ಬೆರಳು ಆ ಸಂದಿನ ಬಳಿ ಬಾರದಿರಲಿ. ಕೋವಿಯ ಅಭ್ಯಾಸದವರು ಎಡಗೈಯನ್ನು ಮುಂದಕ್ಕೆ ಚಾಚುತ್ತಾರೆ, ಸುಟ್ಟುಕೊಳ್ಳುವುದು ಅಲ್ಲಿಯೇ.)

ಎಲ್ಲ ತೋಟೆಗಳೂ ಒಂದೇ ಪ್ರಮಾಣದಲ್ಲಿ ಕಳೆದುಕೊಳ್ಳುವುದಿಲ್ಲ ಎಂಬುದು ನೆನಪಿಡಬೇಕಾದ ಮಾತು. .32 ಲಾಂಗ್‌ನ 98 ಗ್ರೇನ್ ಸೀಸದ ಗುಂಡು ನಾಲ್ಕು ಇಂಚಿನಲ್ಲಿ ಸೆಕೆಂಡಿಗೆ ಸುಮಾರು 700 ಅಡಿ ಹೋಗುತ್ತದೆ, ಅಂದರೆ 213 ಮೀಟರ್. ಶಕ್ತಿ ಸುಮಾರು 145 ಜೂಲ್. ಇದು ಮೊದಲೇ ಸಾವಧಾನದ ತೋಟೆ. ಮದ್ದು ಕಡಿಮೆ, ಬೇಗ ಉರಿದು ಮುಗಿಯುತ್ತದೆ. ಹಾಗಾಗಿ ನಳಿಗೆ ಒಂದೆರಡು ಇಂಚು ಕುಗ್ಗಿದರೂ ದೊಡ್ಡ ನಷ್ಟವಿಲ್ಲ. .357 ಹಾಗಲ್ಲ. 125 ಗ್ರೇನ್ ಗುಂಡು ನಾಲ್ಕು ಇಂಚಿನಲ್ಲಿ 1,450 ಅಡಿ ಹೋಗುವುದು ಎರಡು ಇಂಚಿನಲ್ಲಿ 1,200ರ ಆಸುಪಾಸಿಗೆ ಇಳಿಯುತ್ತದೆ. ಜೂಲ್ ಲೆಕ್ಕದಲ್ಲಿ 790ರಿಂದ 540. ಮೂರರಲ್ಲೊಂದು ಪಾಲು ಹೋಯಿತು. ಅದು ಎಲ್ಲಿ ಹೋಯಿತು ಎಂದರೆ, ನಳಿಗೆಯ ಬಾಯಲ್ಲಿ ಬೆಂಕಿಯ ಉಂಡೆಯಾಗಿ, ಕಿವಿಯೊಳಗೆ ಸಿಡಿಲಾಗಿ. ಉಳಿದ 540 ಕೂಡ .32ರ ನಾಲ್ಕು ಪಟ್ಟು ಎನ್ನುವುದು ನಿಜ. ಹೋಲಿಕೆಗೆ ಇಟ್ಟುಕೊಂಡ .38 ಇವೆರಡರ ನಡುವೆ ಬರುತ್ತದೆ: 158 ಗ್ರೇನ್, ನಾಲ್ಕು ಇಂಚಿನಲ್ಲಿ 755 ಅಡಿ, ಸುಮಾರು 270 ಜೂಲ್.

.22ಕ್ಕೆ ಕುಳ್ಳ ನಳಿಗೆ ಹೆಚ್ಚು ಕ್ರೂರಿ. ರೈಫಲಿನಲ್ಲಿ 1,200 ಅಡಿ ಮೀರುವ 40 ಗ್ರೇನ್ ಗುಂಡು ಎರಡು ಇಂಚಿನಲ್ಲಿ 900ರ ಹತ್ತಿರ, ನೂರು ಜೂಲ್ ಸಿಕ್ಕರೆ ಪುಣ್ಯ. ಇನ್ನೊಂದು ದೋಷವೂ ಇದೆ. ಅದರ ಕೇಪು (ಸೂಜಿ ಬಡಿದಾಗ ಮದ್ದಿಗೆ ಕಿಡಿ ಕೊಡುವ ಭಾಗ) ನಡುವೆ ಇರುವುದಿಲ್ಲ, ಸಿಡಿಮದ್ದು ಅಂಚಿನ ಸುತ್ತ ಹರಡಿರುತ್ತದೆ. ಅಂಚಿನ ಯಾವುದೋ ಒಂದು ಕಡೆ ಮದ್ದು ತೆಳುವಾಗಿದ್ದು ಸೂಜಿ ಅಲ್ಲೇ ಬಡಿದರೆ ಬರೀ ಟಕ್ ಎಂಬ ಸದ್ದು. ನಡುವೆ ಕೇಪು ಇರುವ ತೋಟೆಗಳಲ್ಲಿ ಇದು ಅಪರೂಪ. ಕೈ ನಡುಗುವ ಹಿರಿಯರಿಗೆ, ಹೊಸಬರಿಗೆ .22ರ ಸೌಮ್ಯತೆ ಹಿತ. ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ.

ಕೈ ಏನು ಹೇಳುತ್ತದೆ

ಇಲ್ಲಿ ನಾನು ಕಾಗದ ಪೆನ್ಸಿಲ್ ಹಿಡಿದು ಮಾವನ ಎದುರು ಲೆಕ್ಕ ಮಾಡಿದೆ. ಗುಂಡಿನ ತೂಕವನ್ನು ವೇಗದಿಂದ ಗುಣಿಸಿ, ಮದ್ದಿನ ಪಾಲನ್ನು ಸೇರಿಸಿ, ಬಂದೂಕಿನ ತೂಕದಿಂದ ಭಾಗಿಸಿದರೆ ಬಂದೂಕು ಹಿಂದಕ್ಕೆ ಬರುವ ವೇಗ ಸಿಗುತ್ತದೆ. 700 ಗ್ರಾಂ ರಿವಾಲ್ವರಿನಲ್ಲಿ .32 ಕೊಡುವ ಹಿನ್ನೊದೆತ ಎರಡು ಜೂಲ್ ಕೂಡ ಮುಟ್ಟುವುದಿಲ್ಲ. ಅಷ್ಟೇ ತೂಕದಲ್ಲಿ .357 ಹಾರಿಸಿದರೆ ಅದರ ಎಂಟೊಂಬತ್ತು ಪಟ್ಟು. ಗುಂಡಿನ ಶಕ್ತಿ ನಾಲ್ಕು ಪಟ್ಟು, ಕೈಗೆ ಬೀಳುವ ಏಟು ಎಂಟು ಪಟ್ಟು. ವ್ಯಾಪಾರದ ಕಣ್ಣಿನಿಂದ ನೋಡಿದರೂ ಇದು ನಷ್ಟದ ಬಾಬತ್ತು. ಹಗುರ ರಿವಾಲ್ವರ್ ಜೇಬಿಗೆ ಸುಖ, ಅಂಗೈಗೆ ಅಲ್ಲ. ಅದೇ .32 ಅರ್ಧ ಕಿಲೋ ರಿವಾಲ್ವರಿನಲ್ಲಿ ಸುಮಾರು ಒಂದೂವರೆ ಪಟ್ಟು ಒದೆಯುತ್ತದೆ.

ಜೋಡಿ ನಳಿಗೆಯ ಹನ್ನೆರಡು ಬೋರ್ ಹೊಡೆದವರಿಗೆ ಇದೆಲ್ಲ ನಗೆಯ ವಿಷಯ. ಆದರೆ ಆ ಒದೆತವನ್ನು ಹೀರುವುದು ಮೂರು ಕಿಲೋ ಕೋವಿ ಮತ್ತು ಹೆಗಲು. ಇಲ್ಲಿ ಇರುವುದು ಮಣಿಕಟ್ಟು ಮಾತ್ರ.

ಅದಕ್ಕಿಂತ ದೊಡ್ಡ ಮಾತು ಗುರಿಯದ್ದು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಬಹುಮಾನ ಗೆದ್ದವರೂ ರಿವಾಲ್ವರ್ ಹಿಡಿದಾಗ ಹತ್ತು ಹೆಜ್ಜೆಯಲ್ಲಿ ತಟ್ಟೆ ತಪ್ಪಿಸಿದ್ದನ್ನು ಕಂಡಿದ್ದೇನೆ. ಕಾರಣ ಸರಳ. ಉದ್ದ ಕೋವಿಯಲ್ಲಿ ಕಣ್ಣಿನ ಬಳಿಯ ಗುರುತಿಗೂ ನಳಿಗೆಯ ತುದಿಯ ನೊಣಕ್ಕೂ (ಗುರಿಗೆ ಹೊಂದಿಸುವ ಮೊಳೆ) ಮುಕ್ಕಾಲು ಮೀಟರ್ ಅಂತರವಿದ್ದರೆ, ನೊಣ ಒಂದು ಮಿಲಿಮೀಟರ್ ವಾಲಿದಾಗ ಏಳು ಮೀಟರ್ ದೂರದಲ್ಲಿ ಗುಂಡು ಒಂದು ಸೆಂಟಿಮೀಟರಿಗಿಂತ ಕಡಿಮೆ ಸರಿಯುತ್ತದೆ. ಕುಳ್ಳ ರಿವಾಲ್ವರಿನಲ್ಲಿ ಆ ಅಂತರ ಹತ್ತು ಸೆಂಟಿಮೀಟರ್. ಅದೇ ಒಂದು ಮಿಲಿಮೀಟರ್ ಇಲ್ಲಿ ಏಳು ಸೆಂಟಿಮೀಟರ್ ಆಗುತ್ತದೆ. ಕುದುರೆ (ಹಿಂಭಾಗದ ಸುತ್ತಿಗೆ) ಎಳೆಯದೆ ನೇರವಾಗಿ ಟ್ರಿಗರ್ ಒತ್ತಿದರೆ ಐದಾರು ಕಿಲೋ ಭಾರ ಎಳೆದಂತೆ, ಅರ್ಧ ಕಿಲೋ ಬಂದೂಕು ಅಲುಗದೆ ಇರುವುದು ಹೇಗೆ? ಕುಳ್ಳ ನಳಿಗೆಯಲ್ಲಿ ಗುಂಡಿನ ವೇಗಕ್ಕಿಂತ ಕೈಯ ಗುರಿಯೇ ಹೆಚ್ಚು ನಷ್ಟವಾಗುತ್ತದೆ. ಅದಕ್ಕೇ ನನ್ನ ಒಲವು ಹಿನ್ನೊದೆತ ಕಡಿಮೆ ಇರುವ ತೋಟೆಯ ಕಡೆಗೆ.

.32ರ ಬಗ್ಗೆ ಮೂಗು ಮುರಿಯುವವರಿಗೆ ಒಂದು ಮಾತು. ಅಂತಾರಾಷ್ಟ್ರೀಯ 25 ಮೀಟರ್ ಸೆಂಟರ್ ಫೈರ್ (ನಡುವೆ ಕೇಪು ಇರುವ ತೋಟೆಯ) ಪಿಸ್ತೂಲ್ ಸ್ಪರ್ಧೆಯಲ್ಲಿ ಹೆಚ್ಚಿನವರು ಬಳಸುವ ತೋಟೆ ಇದೇ .32 ಲಾಂಗ್. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಜಸ್ಪಾಲ್ ರಾಣಾ ಚಿನ್ನ ಗೆದ್ದದ್ದು ಆ ಸ್ಪರ್ಧೆಯಲ್ಲಿ. ನಿಖರತೆಯಲ್ಲಿ ಅದಕ್ಕೆ ಹೆಸರಿದೆ.

ಗುಂಡಿನ ಮೂತಿ

ಸೀಸದ ಗುಂಡು ಮುಖ್ಯವಾಗಿ ಮೂರು ಆಕಾರದಲ್ಲಿ ಬರುತ್ತದೆ. ದುಂಡು ಮೂತಿಯದು ನಮ್ಮಲ್ಲಿ ಸಾಮಾನ್ಯ. ಕತ್ತರಿಸಿದಂತೆ ಚಪ್ಪಟೆ ಮೂತಿಯದನ್ನು ವಾಡ್‌ಕಟರ್ ಎನ್ನುತ್ತಾರೆ. ಕಾಗದದಲ್ಲಿ ಅಚ್ಚು ಒತ್ತಿದಂತೆ ದುಂಡನೆಯ ತೂತು ಮಾಡುವುದರಿಂದ ಸ್ಪರ್ಧಿಗಳಿಗೆ ಪ್ರಿಯ. ತೊಂದರೆ ಎಂದರೆ ಅವಸರದಲ್ಲಿ ಗೂಡಿಗೆ ತುಂಬುವಾಗ ಚಪ್ಪಟೆ ಮೂತಿ ಅಂಚಿಗೆ ತಗುಲಿ ನಿಲ್ಲುತ್ತದೆ. ಮೂರನೆಯದು ಮೂತಿಯಲ್ಲಿ ಕುಳಿ ಇರುವ ಹಾಲೋ ಪಾಯಿಂಟ್. ಅದು ಅರಳಬೇಕಾದರೆ ಒಂದು ಮಟ್ಟದ ವೇಗ ಬೇಕೇ ಬೇಕು. ಕುಳ್ಳ ನಳಿಗೆಯ .32 ಆ ವೇಗ ಮುಟ್ಟುವುದಿಲ್ಲ, ಕುಳಿ ಮುಚ್ಚಿಕೊಂಡು ಸಾದಾ ಗುಂಡಿನಂತೆಯೇ ಹೋಗುತ್ತದೆ. ಅಮೆರಿಕದಲ್ಲಿ ಕುಳ್ಳ ನಳಿಗೆಗೆಂದೇ .38ರಲ್ಲಿ ಬೇರೆ ತೋಟೆ ಮಾಡಬೇಕಾಗಿ ಬಂದದ್ದು ಈ ಕಾರಣಕ್ಕೆ. ಯಾರಾದರೂ ದುಬಾರಿ ಬೆಲೆಗೆ ಹಾಲೋ ಪಾಯಿಂಟ್ ಕೊಡಿಸುತ್ತೇನೆ ಎಂದರೆ ಆ ದುಡ್ಡಿಗೆ ಎರಡು ಚೀಲ ಗೊಬ್ಬರ ತನ್ನಿ.

ಅರಳದ ಗುಂಡು ಆಳಕ್ಕೆ ಹೋಗುತ್ತದೆ ಎಂಬುದನ್ನೂ ಮರೆಯಬಾರದು. 1986ರಲ್ಲಿ ಮಯಾಮಿಯಲ್ಲಿ ದರೋಡೆಕೋರರೊಡನೆ ನಡೆದ ಗುಂಡಿನ ಕಾಳಗದ ನಂತರ ಅಮೆರಿಕದ ತನಿಖಾ ಪಡೆ ಎಫ್‌ಬಿಐ, ಮಾಂಸದ ಬದಲು ಪರೀಕ್ಷೆಗೆ ಬಳಸುವ ಜೆಲಾಟಿನ್ ಅಚ್ಚಿನಲ್ಲಿ 12ರಿಂದ 18 ಇಂಚು ಆಳವನ್ನು ಅಳತೆಯಾಗಿ ಇಟ್ಟುಕೊಂಡಿತು. ಕಡಿಮೆ ಹೋದರೆ ನಿಷ್ಪ್ರಯೋಜಕ, ಹೆಚ್ಚು ಹೋದರೆ ಹಿಂದಿರುವವರಿಗೆ ಅಪಾಯ. ನಮ್ಮ ಮನೆಗಳ ಮರದ ಹಲಗೆ, ತೋಟದ ಕಾರ್ಮಿಕರ ಲೈನ್ ಮನೆಗಳ ತೆಳು ಗೋಡೆ ಯಾವ ತೋಟೆಯನ್ನೂ ತಡೆಯುತ್ತದೆಂದು ನಂಬಬೇಡಿ, .357ನ್ನಂತೂ ಖಂಡಿತ ಅಲ್ಲ. ಪುಟ್ಟ .22 ಕೂಡ ಒಂದು ಮೈಲಿಗೂ ಹೆಚ್ಚು ದೂರ ಹೋಗಬಲ್ಲದು. ಪುತ್ತರಿ, ಮದುವೆ ಎಂದು ಆಕಾಶಕ್ಕೆ ರಿವಾಲ್ವರ್ ಹಾರಿಸುವ ಉಮೇದು ಬಂದರೆ, ಆ ಗುಂಡು ಕೆಳಗೆ ಬೀಳುವ ತೋಟ ಯಾರದೋ ಎಂದು ಯೋಚಿಸಿ. ಸಂಭ್ರಮದ ಹೆಸರಿನಲ್ಲಿ ಜನರ ಜೀವಕ್ಕೆ ಅಪಾಯ ತರುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಇನ್ನು ಆನೆ. ಕಾಫಿ ತೋಟದಲ್ಲಿ ಆನೆ ಎದುರಾದರೆ ಎಂದು ರಿವಾಲ್ವರ್ ಕೊಳ್ಳುವವರಿದ್ದಾರೆ. ಈ ಮೂರರಲ್ಲಿ ಯಾವ ತೋಟೆಯೂ ಆನೆಯನ್ನು ನಿಲ್ಲಿಸುವುದಿಲ್ಲ, ರೇಗಿಸುತ್ತದೆ ಅಷ್ಟೇ. ವನ್ಯಜೀವಿ ಕಾಯ್ದೆಯ ಕೇಸು ಬೇರೆ. ಆ ಹಣಕ್ಕೆ ಒಳ್ಳೆಯ ಟಾರ್ಚ್ ಸಾಕು, ಮತ್ತು ದೂರದಿಂದಲೇ ತಿರುಗಿ ಬರುವ ಬುದ್ಧಿ.

ಅಂಗಡಿಯಿಂದ ತಂದ ಮೇಲೆ

ಎರಡು ಬಗೆಯ ತೋಟೆ ಸಿಕ್ಕಿದ್ದರೆ ಅಧಿಕೃತ ಶೂಟಿಂಗ್ ರೇಂಜಿಗೆ ಹೋಗಿ ಪರೀಕ್ಷಿಸಿ. ತೋಟದ ಮೂಲೆ ರೇಂಜ್ ಅಲ್ಲ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಬೇಕು. ಏಳು ಮೀಟರ್ ದೂರದಲ್ಲಿ ಊಟದ ತಟ್ಟೆಯ ಅಗಲದ ವೃತ್ತ ಬರೆದು ಅಂಟಿಸಿ. ಮೊದಲು ಕುದುರೆ ಎಳೆದು ನಿಧಾನವಾಗಿ ಒಂದು ಸುತ್ತು, ಆಮೇಲೆ ನೇರ ಟ್ರಿಗರ್ ಒತ್ತಿ ಒಂದು ಸುತ್ತು. ಪ್ರತಿ ಬಗೆಗೂ ಬೇರೆ ಕಾಗದ ಇರಲಿ, ತೋಟೆಯ ಹೆಸರು ಮತ್ತು ದಿನಾಂಕ ಮೂಲೆಯಲ್ಲಿ ಬರೆದಿರಲಿ. ಗುಂಪು ಎಷ್ಟು ಬಿಗಿಯಾಗಿದೆ ಎಂಬುದನ್ನು ನೋಡಿ, ನಡುವಿಗೆ ಬಿತ್ತೇ ಎಂಬುದು ಎರಡನೆಯ ಮಾತು. ರಿವಾಲ್ವರಿನ ಗುರುತುಗಳು ಸ್ಥಿರವಾಗಿರುವುದರಿಂದ ಭಾರದ, ನಿಧಾನದ ಗುಂಡು ಸಾಮಾನ್ಯವಾಗಿ ಮೇಲಕ್ಕೆ ಬೀಳುತ್ತದೆ. ಗುಂಡು ಇನ್ನೂ ನಳಿಗೆಯಲ್ಲಿ ಇರುವಾಗಲೇ ಮೂತಿ ಮೇಲೇಳುವುದೇ ಇದಕ್ಕೆ ಕಾರಣ. ಮೇಲೆ ಬಿದ್ದ ಮಾತ್ರಕ್ಕೆ ತೋಟೆ ಕೆಟ್ಟದ್ದಲ್ಲ.

ಹಗುರ ರಿವಾಲ್ವರಿನಲ್ಲಿ ಜೋರಿನ ತೋಟೆ ಹಾರಿಸುವವರಿಗೆ ಇನ್ನೊಂದು ಪರೀಕ್ಷೆ. ಸಿಲಿಂಡರ್ ತುಂಬಿ, ಒಂದನ್ನು ಉಳಿಸಿ ಮಿಕ್ಕವನ್ನು ಹಾರಿಸಿ, ಉಳಿದದ್ದನ್ನು ಹೊರಗೆ ತೆಗೆದು ಹೊಸದರ ಪಕ್ಕದಲ್ಲಿ ಇಟ್ಟು ನೋಡಿ. ಒದೆತಕ್ಕೆ ಸೀಸ ಕೋಶದಿಂದ ಮುಂದಕ್ಕೆ ಜಾರಿ ತೋಟೆ ಉದ್ದವಾಗಿದ್ದರೆ, ಅದು ಒಂದು ದಿನ ಸಿಲಿಂಡರನ್ನೇ ತಿರುಗದಂತೆ ಕಚ್ಚಿ ಹಿಡಿಯುತ್ತದೆ. ಆ ತೋಟೆ ನಿಮ್ಮ ರಿವಾಲ್ವರಿಗೆ ಅಲ್ಲ.

ಟಕ್ ಎಂದು ಸದ್ದಾಗಿ ಹಾರದಿದ್ದರೆ ಬಂದೂಕನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ತಡವಾಗಿ ಸಿಡಿಯುವುದುಂಟು. ಪುಸ್ ಎಂದು ದುರ್ಬಲ ಸದ್ದಾದರೆ ಎರಡನೆಯ ಈಡು ಹೊಡೆಯಲೇಬೇಡಿ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಬಂದೂಕನ್ನು ಖಾಲಿ ಮಾಡಿ ನಳಿಗೆ ನೋಡಿದ ಮೇಲೆಯೇ ಮುಂದಿನ ಮಾತು.

ಈಗ ಪರವಾನಗಿಯಲ್ಲಿ ನೋಡಿಟ್ಟ ಸಂಖ್ಯೆಗೆ ಬನ್ನಿ. ವರ್ಷಕ್ಕೆ ಸಿಗುವ ತೋಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಭ್ಯಾಸಕ್ಕೆ ಹೋಗಬೇಕು. ಹಾಗೆ ಖರ್ಚು ಮಾಡಲು ಮನಸ್ಸಾಗದಷ್ಟು ದುಬಾರಿ ಅಥವಾ ಅಪರೂಪದ ತೋಟೆ ಎಷ್ಟೇ ಗಟ್ಟಿಯಾದರೂ ನಿಮ್ಮದಲ್ಲ. ಈ ಜರಡಿಯಲ್ಲಿ .357 ಬಹುತೇಕ ಎಲ್ಲರಿಗೂ ಬಿದ್ದುಹೋಗುತ್ತದೆ. ನಮ್ಮ ಕಾರ್ಖಾನೆಯಲ್ಲಿ ತಯಾರಾಗುವ .32 ಉಳಿಯುತ್ತದೆ.

ಮಳೆಗಾಲ

ಮೂರನೆಯ ತೋಟೆಯ ಕಥೆ ಇದು. ಭಾಗಮಂಡಲ, ನಾಪೋಕ್ಲು ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಹಿತ್ತಾಳೆ ಬಿಡುತ್ತದೆಯೇ? ಆ ತೋಟೆ ವರ್ಷಗಟ್ಟಲೆ ಚರ್ಮದ ಪಟ್ಟಿಯಲ್ಲಿ ಸಿಕ್ಕಿಕೊಂಡಿತ್ತು. ನೋಡಲು ಅಂದ. ಆದರೆ ಚರ್ಮ ಹದ ಮಾಡಿದ ರಾಸಾಯನಿಕವೂ ತೇವವೂ ಸೇರಿ ಹಿತ್ತಾಳೆಯನ್ನು ತಿನ್ನುತ್ತವೆ, ಹಸಿರು ಕಿಲುಬು ಅದರ ಗುರುತು. ಕಿಲುಬನ್ನು ಉಜ್ಜಿ ಹೊಳಪು ಮಾಡಿದರೆ ಮೇಲ್ಮೈ ಸರಿಯಾದಂತೆ ಕಂಡೀತು, ತೆಳುವಾದ ಗೋಡೆ ದಪ್ಪವಾಗುವುದಿಲ್ಲ. ತೋಟೆಗೆ ಎಣ್ಣೆ ಹಚ್ಚುವುದು ಇನ್ನೂ ಕೆಟ್ಟದ್ದು, ಕೇಪಿನ ಸಂದಿಯಿಂದ ಒಳಗಿಳಿದರೆ ತೋಟೆ ಸತ್ತಿತು. ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಡುವ ಹಳೆಯ ಪದ್ಧತಿಯೂ ಬೇಡ. ಹೊಗೆ, ಬಿಸಿ ಎರಡೂ ಮದ್ದಿಗೆ ಶತ್ರು.

ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಮೂಲ ಪೆಟ್ಟಿಗೆಯ ಮೇಲೆ ಕೊಂಡ ತಿಂಗಳು. ಡಬ್ಬಿಗೆ ಬೀಗ, ರಿವಾಲ್ವರಿಗೆ ಬೇರೆ ಜಾಗದಲ್ಲಿ ಬೇರೆ ಬೀಗ. ಹಳೆಯದನ್ನು ಮೊದಲು ಅಭ್ಯಾಸಕ್ಕೆ ಬಳಸಿ, ಮಳೆ ನಿಂತ ಮೇಲೆ ಹೊಸದನ್ನು ತನ್ನಿ.

ಕಿಲುಬು ಹಿಡಿದದ್ದು, ಉಬ್ಬಿದ್ದು, ಸೂಜಿಯ ಗುರುತು ಬಿದ್ದೂ ಹಾರದದ್ದು ಇದ್ದರೆ ಕೆರೆಗೆ ಎಸೆಯುವುದು, ಕಾಫಿ ಗಿಡದ ಬುಡದಲ್ಲಿ ಹೂಳುವುದು ಮಾಡಬೇಡಿ. ಪರವಾನಗಿ ಇರುವ ವ್ಯಾಪಾರಿಗೆ ಅಥವಾ ಠಾಣೆಗೆ ಮೊದಲೇ ತಿಳಿಸಿ ಒಪ್ಪಿಸಿ. ಮಾವ ಕಿಲುಬಿನದನ್ನು ಮಾರನೆಯ ದಿನವೇ ಒಯ್ದರು. 7.65ಕ್ಕೆ ಮಾತ್ರ ಇನ್ನೂ ಒಂದು ವಾರ ಹಿಡಿಯಿತು. ಕೊಟ್ಟ ಸ್ನೇಹಿತರಿಗೆ ಬೇಸರವಾಗುತ್ತದೆ ಎಂಬ ದಾಕ್ಷಿಣ್ಯ.